ಬಂದ ವೈದ್ಯರು ಉಳಿಯುವಂತಾಗಲಿ: ನಿವಾಸಿಗಳ ಮನವಿ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಸ್ಥಳೀಯ ಆರೋಗ್ಯ ಸಮಿತಿ

ವಿಷಯ: ಸ್ವದೇಶದಲ್ಲೂ ವಿದೇಶದಲ್ಲೂ ತರಬೇತಿ ಪಡೆದ ವೈದ್ಯರ ನೇಮಕಾತಿ ಹಾಗೂ ಅವರನ್ನು ಸೇವೆಯಲ್ಲಿ ಉಳಿಸಿಕೊಳ್ಳುವ ಬಗ್ಗೆ.

ಮಾನ್ಯರೇ,

ನಮ್ಮ ಸಾರ್ವಜನಿಕ ಆಸ್ಪತ್ರೆಗೆ ವೈದ್ಯರು ಬರುವುದೇ ಇಲ್ಲವೆಂಬುದು ನಮ್ಮ ದೂರಲ್ಲ. ಬಂದವರು ನಿಲ್ಲುವುದಿಲ್ಲ ಎಂಬುದು ನಮ್ಮ ಸಂಕಟ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗ ಇರುವವರು ಹೊಸ ವೈದ್ಯರು ಬಂದಾಗಲೆಲ್ಲ ತಮ್ಮ ಕಾಯಿಲೆಯನ್ನು ಮೊದಲಿನಿಂದ ವಿವರಿಸಬೇಕಾಗಿದೆ; ಮಾತ್ರೆಯ ಪ್ರಮಾಣ ಏಕೆ ಬದಲಾಯಿತೆಂದು ಕೇಳಿದರೆ, ಬದಲಾಯಿಸಿದವರೇ ಅಲ್ಲಿರುವುದಿಲ್ಲ.

ಕಡ್ಡಾಯ ಸೇವೆಯ ಕರಾರಿನಿಂದ ಹುದ್ದೆ ತುಂಬುತ್ತದೆ, ಆದರೆ ಅವಧಿ ಮುಗಿದೊಡನೆ ಮತ್ತೆ ಖಾಲಿಯಾಗುತ್ತದೆ. ಗ್ರಾಮೀಣ ಹಾಗೂ ದೂರದ ಪ್ರದೇಶಗಳಲ್ಲಿ ಆರೋಗ್ಯ ಸಿಬ್ಬಂದಿಯನ್ನು ಉಳಿಸಿಕೊಳ್ಳುವ ಕುರಿತು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರಡಿಸಿ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯು ಹಣದ ಪ್ರೋತ್ಸಾಹದ ಜೊತೆಗೆ ವಾಸಯೋಗ್ಯ ಮನೆ, ಸುರಕ್ಷಿತ ಕೆಲಸದ ಸ್ಥಳ, ವೃತ್ತಿಯಲ್ಲಿ ಮುಂದುವರಿಯುವ ದಾರಿ ಇವೆಲ್ಲವನ್ನೂ ಒಟ್ಟಾಗಿ ಒದಗಿಸಬೇಕೆನ್ನುತ್ತದೆ. ಅಂಥ ಪ್ರದೇಶಗಳಲ್ಲೇ ಬೆಳೆದವರನ್ನು ವೈದ್ಯ ಶಿಕ್ಷಣಕ್ಕೆ ಆರಿಸಬೇಕೆಂದೂ ಹೇಳುತ್ತದೆ. ಒಬ್ಬರೇ ವೈದ್ಯರು ಹಗಲೂ ರಾತ್ರಿಯೂ ಕರೆಗೆ ಸಿದ್ಧರಿರಬೇಕಾದ ಹುದ್ದೆಯಲ್ಲಿ ಎಷ್ಟು ಸಂಬಳ ಕೊಟ್ಟರೂ ಯಾರೂ ಬಹುಕಾಲ ನಿಲ್ಲಲಾರರು. ಆದ್ದರಿಂದ ಪ್ರತಿ ಹುದ್ದೆಗೂ ರಜೆಯ ಕಾಲದ ಬದಲಿ ವೈದ್ಯರನ್ನು ಮೊದಲೇ ಗೊತ್ತುಪಡಿಸಬೇಕೆಂಬುದು ನಮ್ಮ ಮೊದಲ ಕೋರಿಕೆ.

ವಿದೇಶದಲ್ಲಿ ಕಲಿತವರ ಪದವಿ ಪರಿಶೀಲನೆ, ಅರ್ಹತಾ ಪರೀಕ್ಷೆಗಳು ರೋಗಿಯ ಸುರಕ್ಷತೆಗಾಗಿ ಇರುವಂಥವು. ಅವನ್ನು ಸಡಿಲಿಸಿರೆಂದು ನಾವು ಕೇಳುತ್ತಿಲ್ಲ, ನೋಂದಣಿಯ ಅಧಿಕಾರ ತಮ್ಮದಲ್ಲವೆಂಬುದನ್ನೂ ಬಲ್ಲೆವು. ಆದರೆ ಕಾಗದಪತ್ರಗಳಿಗೆ ನೆರವಾಗಲು ಒಬ್ಬ ಅಧಿಕಾರಿಯನ್ನು ನೇಮಿಸುವುದು, ಆರಂಭದ ತಿಂಗಳುಗಳಲ್ಲಿ ಹಿರಿಯ ವೈದ್ಯರ ಮೇಲ್ವಿಚಾರಣೆಯಲ್ಲಿ ವೇತನಸಹಿತ ಕೆಲಸ ಕೊಡುವುದು ಸಮಿತಿಯಿಂದ ಆಗಬಹುದಾದ ಕೆಲಸಗಳು. ಭಾಷೆಯ ತರಬೇತಿಯೂ ಬೇಕು: ರೋಗಿ ‘ಜೋಮು’ ಎಂದದ್ದಕ್ಕೂ ‘ಉರಿ’ ಎಂದದ್ದಕ್ಕೂ ಇರುವ ವ್ಯತ್ಯಾಸ ವೈದ್ಯರಿಗೆ ತಿಳಿಯದಿದ್ದರೆ ರೋಗನಿರ್ಣಯವೇ ದಾರಿ ತಪ್ಪೀತು.

ಹೊರದೇಶಗಳಿಂದ ನೇಮಿಸಿಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಸೇರುವ ವಿಶ್ವ ಆರೋಗ್ಯ ಸಭೆ 2010ರಲ್ಲಿ ಅಂಗೀಕರಿಸಿದ, ಆರೋಗ್ಯ ಸಿಬ್ಬಂದಿಯ ಅಂತರರಾಷ್ಟ್ರೀಯ ನೇಮಕಾತಿಯ ಸಂಹಿತೆಯನ್ನು ಪಾಲಿಸಬೇಕೆಂದು ಒತ್ತಾಯಿಸುತ್ತೇವೆ. ವಲಸೆ ಬಂದವರಿಗೂ ಸ್ಥಳೀಯರಿಗೂ ಸಮಾನ ಸೇವಾ ನಿಯಮಗಳಿರಬೇಕು, ಆರೋಗ್ಯ ಸಿಬ್ಬಂದಿಯ ತೀವ್ರ ಕೊರತೆಯಿರುವ ದೇಶಗಳಿಂದ ತಾವಾಗಿ ಹೋಗಿ ಕರೆತರಬಾರದು ಎಂಬುದು ಅದರ ಆಶಯ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಪಟ್ಟಿಯಲ್ಲಿ ಅಂಥ 55 ದೇಶಗಳಿವೆ. ನಮ್ಮ ಕೊರತೆ ನೀಗಲು ಅಲ್ಲಿನ ರೋಗಿಗಳು ವೈದ್ಯರಿಲ್ಲದೆ ನರಳುವುದು ನಮಗೆ ಬೇಡ.

ಬಿಟ್ಟುಹೋಗುವ ಪ್ರತಿ ವೈದ್ಯರಿಂದಲೂ ಕಾರಣ ಕೇಳಿ ದಾಖಲಿಸಿ, ಹೆಸರು ಹೊರಗೆಡಹದೆ ಆ ಕಾರಣಗಳನ್ನು ಮುಂದಿನ ಸಭೆಯಲ್ಲಿ ಮಂಡಿಸಬೇಕೆಂದೂ, ಆ ಸಭೆಗೆ ನಿವಾಸಿಗಳ ಪ್ರತಿನಿಧಿಗಳನ್ನು ಕರೆಯಬೇಕೆಂದೂ ವಿನಂತಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಆಸ್ಪತ್ರೆಯನ್ನು ಅವಲಂಬಿಸಿರುವ ನಿವಾಸಿಗಳು