ಮೊಣಕಾಲಲ್ಲಿ ಕಾರ್ಟಿಲೇಜ್ ಬೆಳೆಸುತ್ತದೆ ಎಂದು ಮಾರಿದ ಲೇಸರ್ ಬೆಲ್ಟ್ ಬಗ್ಗೆ ದೂರು

ಗೆ,
ಗ್ರಾಹಕರ ದೂರು ವಿಭಾಗದ ಮುಖ್ಯಸ್ಥರಿಗೆ

ವಿಷಯ: 42,000 ರೂಪಾಯಿ ವಾಪಸ್ ಕೊಡುವ ಬಗ್ಗೆ ಮತ್ತು ನಿಮ್ಮ ಕರಪತ್ರದ ಸುಳ್ಳು ಮಾತು ತೆಗೆಯುವ ಬಗ್ಗೆ

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ನಿಮ್ಮವರು ಮಂಗಳೂರಿನ ಒಂದು ಸಭಾಂಗಣದಲ್ಲಿ ಉಚಿತ ಮೂಳೆ ತಪಾಸಣೆ ಶಿಬಿರ ಇಟ್ಟಿದ್ದರು. ಗುರುಪುರದಿಂದ ನನ್ನ ಅಮ್ಮ, ಪಕ್ಕದ ಮನೆಯ ಅಕ್ಕನ ಜೊತೆ ಬಸ್ಸಲ್ಲಿ ಹೋಗಿದ್ದರು. ನಾನು ಶಾಲೆಯಲ್ಲಿದ್ದೆ. ನಿಮ್ಮ ಹುಡುಗ ಚಂದ ತುಳು ಮಾತಾಡಿದನಂತೆ, ಕಾಲು ಮುಟ್ಟಿ ನೋಡಿದನಂತೆ. ಅಮ್ಮ 2,000 ಮುಂಗಡ ಕೊಟ್ಟು ಬಂದರು. ಮರುದಿನ ನಿಮ್ಮವರು ಮನೆಗೇ ಬಂದು ಮೊಣಕಾಲಿಗೆ ಹಾಕುವ ಲೇಸರ್ ಬೆಲ್ಟ್ ಕೊಟ್ಟು ಉಳಿದ 40,000 ತೆಗೆದುಕೊಂಡು ಹೋದರು.

ಆ ಹಣ ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಿರಬೇಕು. ಅಮ್ಮ ಮೂವತ್ತೆಂಟು ವರ್ಷ ನೆಲದ ಮೇಲೆ ಕೂತು, ತೊಡೆ ಮೇಲೆ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟಿದವರು. ಅದು ಅವರ ಪಿಎಫ್ ಹಣ. ಮೊಣಕಾಲು ಸವೆದದ್ದರಲ್ಲೂ ಹಾಗೆ ಕೂತದ್ದರ ಪಾಲು ಇದೆ ಅಂತ ನಾನು ನಂಬಿದ್ದೇನೆ.

ನಿಮ್ಮ ಕರಪತ್ರ ನನ್ನ ಮುಂದಿದೆ. "ಲೇಸರ್ ಮತ್ತು ವಿದ್ಯುತ್ತಿನಿಂದ ಮೂಳೆ, ಕಾರ್ಟಿಲೇಜ್ ಮತ್ತೆ ಬೆಳೆಯುತ್ತದೆ. 90 ದಿನದಲ್ಲಿ ಎಕ್ಸ್-ರೇಯಲ್ಲಿ ನೋಡಿ." ಕೆಳಗೆ ಸಣ್ಣ ಅಕ್ಷರದಲ್ಲಿ, "1979ರಲ್ಲಿ ಅಮೆರಿಕ ಸರ್ಕಾರ ಒಪ್ಪಿದ ವಿಧಾನ." ಕಾರ್ಟಿಲೇಜ್ ಅಂದರೆ ಕೀಲಿನಲ್ಲಿ ಮೂಳೆಗಳ ತುದಿಗೆ ಹೊದ್ದಿರುವ ನುಣುಪಾದ ಮೆತ್ತೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹಾಗಾಗಿ ಕೂತು ಓದಿದೆ. ನಿಮ್ಮ ಕರಪತ್ರ ಪೂರ್ತಿ ಸುಳ್ಳಾಗಿದ್ದರೆ ನನಗೆ ಇಷ್ಟು ಬೇಸರ ಆಗುತ್ತಿರಲಿಲ್ಲ. ಬೇರೆಯವರ ನಿಜವನ್ನು ತಂದು ನಿಮ್ಮ ಬೆಲ್ಟಿಗೆ ಅಂಟಿಸಿದ್ದೀರಿ, ಅದು ನನಗೆ ಸಹಿಸಲು ಆಗಲಿಲ್ಲ.

ಮೂಳೆಗೂ ವಿದ್ಯುತ್ತಿಗೂ ಸಂಬಂಧ ಇರುವುದು ಹೌದು. ಮೂಳೆಯನ್ನು ಒತ್ತಿದರೆ ಅದರಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ ಅಂತ ಜಪಾನಿನ ಫುಕಾಡ ಮತ್ತು ಯಸುಡ 1957ರಲ್ಲೇ ತೋರಿಸಿದರು. 1979ರ ಒಪ್ಪಿಗೆಯೂ ನಿಜ. ಆದರೆ ಅದು ಯಾವುದಕ್ಕೆ? ಮುರಿದ ಮೂಳೆ ತಿಂಗಳುಗಟ್ಟಲೆ ಕೂಡಿಕೊಳ್ಳದೇ ಉಳಿದಾಗ, ಆ ಜಾಗಕ್ಕೆ ತಂತಿಯ ಸುರುಳಿ ಕಟ್ಟಿ ಬಿಟ್ಟು ಬಿಟ್ಟು ಕಾಂತಕ್ಷೇತ್ರ ಹಾಯಿಸುವ ಯಂತ್ರಕ್ಕೆ. ಅದನ್ನು ದಿನಕ್ಕೆ ಹಲವು ಗಂಟೆ, ತಿಂಗಳುಗಟ್ಟಲೆ, ಡಾಕ್ಟರ ಕಣ್ಣಿನ ಕೆಳಗೆ ಹಾಕಿಕೊಳ್ಳಬೇಕಿತ್ತು. ಅಮ್ಮನ ಮೂಳೆ ಮುರಿದಿಲ್ಲ. ನಿಮ್ಮ ಬೆಲ್ಟಿನಲ್ಲಿ ಸುರುಳಿಯೂ ಇಲ್ಲ. ವಿದ್ಯುತ್ತಿಗೆ ಅಂತ ಇರುವುದು ಚರ್ಮಕ್ಕೆ ಅಂಟುವ ಎರಡು ಪ್ಯಾಡ್, ದಿನಕ್ಕೆ 15 ನಿಮಿಷ ಜುಮ್ ಜುಮ್ ಅನ್ನುತ್ತದೆ. ಇಂಥದ್ದಕ್ಕೆ ಫಿಸಿಯೋಥೆರಪಿಯವರು ಟೆನ್ಸ್ ಅನ್ನುತ್ತಾರೆ. ಅದು ನರಗಳ ಮೂಲಕ ನೋವಿನ ಅರಿವನ್ನು ಸ್ವಲ್ಪ ಹೊತ್ತು ತಗ್ಗಿಸಬಹುದು. ಮೂಳೆ ಬೆಳೆಸುವ ಯಂತ್ರ ಅದಲ್ಲ.

ಕಾರ್ಟಿಲೇಜ್ ವಿಷಯ ಇನ್ನೂ ಬೇರೆ. ಮೂಳೆಗೆ ರಕ್ತದ ಓಡಾಟ ಇದೆ, ಮುರಿದರೆ ತಾನೇ ಕೂಡಿಕೊಳ್ಳುವ ಶಕ್ತಿ ಇದೆ. ಕಾರ್ಟಿಲೇಜಿಗೆ ರಕ್ತನಾಳವೇ ಇಲ್ಲ, ನರವೂ ಇಲ್ಲ. ದೊಡ್ಡವರಲ್ಲಿ ಒಮ್ಮೆ ಸವೆದರೆ ಮತ್ತೆ ತುಂಬಿಕೊಳ್ಳುವುದು ತುಂಬಾ ಕಷ್ಟ. ಇಷ್ಟು ಗೊತ್ತಿದ್ದೂ ಎರಡನ್ನೂ ಒಂದೇ ಉಸಿರಲ್ಲಿ ಹೇಳಿ ಮಾರಬಹುದಾ?

ಇನ್ನು ಲೇಸರ್. ಇದನ್ನು ನಾನು ಸುಮ್ನೆ ತಳ್ಳಿಹಾಕುತ್ತಿಲ್ಲ. ಬುಡಾಪೆಸ್ಟಿನ ಎಂಡ್ರೆ ಮೆಸ್ಟರ್ 1967ರಲ್ಲಿ ಇಲಿಗಳ ಬೋಳಿಸಿದ ಚರ್ಮಕ್ಕೆ ಸಣ್ಣ ಶಕ್ತಿಯ ಲೇಸರ್ ಬಿಟ್ಟು, ಅಲ್ಲಿ ಕೂದಲು ಬೇಗ ಬೆಳೆದದ್ದನ್ನು ಕಂಡಾಗಿನಿಂದ ಎಷ್ಟೋ ಪ್ರಯೋಗ ನಡೆದಿವೆ. ಮೊಣಕಾಲಿನ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದ 2019ರ ಒಂದು ವಿಮರ್ಶೆಯನ್ನೂ ಓದಿದೆ. ಸರಿಯಾದ ಪ್ರಮಾಣ ಕೊಟ್ಟರೆ ನೋವು ಕಡಿಮೆಯಾಗುತ್ತದೆ ಅಂತ ಅದರಲ್ಲಿದೆ. ಪ್ರಮಾಣ ಅಂದರೆ 785ರಿಂದ 860 ನ್ಯಾನೋಮೀಟರ್ ಅಲೆಯುದ್ದದ ಬೆಳಕಾದರೆ ಒಂದೊಂದು ಜಾಗಕ್ಕೆ 4ರಿಂದ 8 ಜೂಲ್ ಶಕ್ತಿ. ಅಲ್ಲಿ ಲೆಕ್ಕ ಹಾಕಿದ್ದು ನೋವು ಮತ್ತು ಓಡಾಟದ ತೊಂದರೆಯನ್ನು, ಕಾರ್ಟಿಲೇಜ್ ಬೆಳೆದದ್ದನ್ನಲ್ಲ. ಪ್ರಮಾಣ ಕಡಿಮೆಯಾದರೆ ಉಪಯೋಗ ಇಲ್ಲ. ನಿಮ್ಮ ಪೆಟ್ಟಿಗೆ, ಪುಸ್ತಕ, ಬೆಲ್ಟಿನ ಒಳಮೈ ಎಲ್ಲ ಹುಡುಕಿದೆ. ನ್ಯಾನೋಮೀಟರ್ ಇಲ್ಲ, ಜೂಲ್ ಇಲ್ಲ, ಮಿಲಿವ್ಯಾಟ್ ಇಲ್ಲ. ಒಳಗಿರುವುದು ಲೇಸರೋ ಎಲ್‌ಇಡಿ ದೀಪವೋ ಅಂತಲೂ ಇಲ್ಲ. ಲೇಸರೇ ಆದರೆ ಅದು ಯಾವ ದರ್ಜೆಯದ್ದು, ಕಣ್ಣಿಗೆ ಕನ್ನಡಕ ಬೇಕೋ ಬೇಡವೋ ಹೇಳಬೇಕಲ್ವಾ? ಶಿಬಿರದಲ್ಲಿ ವಯಸ್ಸಾದವರೇ ಜಾಸ್ತಿ ಇದ್ದರಂತೆ. ಇಂಥ ವಿದ್ಯುತ್ತಿನಿಂದ ತೊಂದರೆಯಾಗಬಹುದಾದ ಪೇಸ್‌ಮೇಕರ್, ಅಂದರೆ ಹೃದಯದ ಬಡಿತ ಸರಿಯಿಡುವ ಯಂತ್ರ, ಎದೆಯಲ್ಲಿ ಇದೆಯಾ ಅಂತ ಅಮ್ಮನನ್ನೂ ಕೇಳಿಲ್ಲ, ಪಕ್ಕದ ಮನೆಯ ಅಕ್ಕನನ್ನೂ ಕೇಳಿಲ್ಲ.

ಹಣದ ನಷ್ಟಕ್ಕಿಂತ ದೊಡ್ಡದು ಇನ್ನೊಂದಿದೆ. ಈ ಪತ್ರ ಬರೆಯಲು ಕೂತದ್ದು ಅದಕ್ಕಾಗಿ.

ಅಮ್ಮ ಅದುವರೆಗೆ ದಿನಾ ವ್ಯಾಯಾಮ ಮಾಡುತ್ತಿದ್ದರು. ಕುರ್ಚಿಯಲ್ಲಿ ಕೂತು ಕಾಲು ನೇರ ಮಾಡಿ ಹತ್ತು ಎಣಿಸುವುದು, ಮೊಣಕಾಲ ಕೆಳಗೆ ಟವಲ್ ಸುತ್ತಿಟ್ಟು ಒತ್ತುವುದು, ಸಂಜೆ ಅಂಗಳದಲ್ಲಿ ನಡೆಯುವುದು. ಫಿಸಿಯೋಥೆರಪಿಯವರು ಕಲಿಸಿಕೊಟ್ಟದ್ದು. ತೊಡೆಯ ಸ್ನಾಯು ಗಟ್ಟಿ ಇದ್ದರೆ ಮೊಣಕಾಲಿಗೆ ಆಧಾರ ಸಿಗುತ್ತದೆ. ಸವೆದ ಮೊಣಕಾಲಿಗೆ ಡಾಕ್ಟರುಗಳು ಮೊದಲು ಹೇಳುವುದೇ ಇದನ್ನು. ನಿಮ್ಮ ಹುಡುಗ ಅಮ್ಮನಿಗೆ ಹೇಳಿದ್ದು, "ಇನ್ನು ವ್ಯಾಯಾಮ ಬೇಡ, ಹೊಸ ಕಾರ್ಟಿಲೇಜ್ ಎಳೆಯದ್ದು, ಕಾಲು ಆಡಿಸಿದರೆ ಹಾಳಾಗುತ್ತದೆ." ಅಮ್ಮ ಮೂರು ತಿಂಗಳು ಕಾಲು ಅಲುಗಿಸದೆ ಕೂತರು. ಹಾಗೆ ಕೂರಬೇಡಿ ಅಂದ ನನ್ನ ಮೇಲೆ ಸಿಟ್ಟು ಮಾಡಿದರು. ಅಷ್ಟು ನಂಬಿದ್ದರು ನಿಮ್ಮನ್ನು.

90 ದಿನ ಆದ ಮೇಲೆ ಎಕ್ಸ್-ರೇ ತೆಗೆಸಿದೆವು. ಎಕ್ಸ್-ರೇಯಲ್ಲಿ ಕಾರ್ಟಿಲೇಜ್ ಕಾಣುವುದೇ ಇಲ್ಲ, ಎರಡು ಮೂಳೆಗಳ ನಡುವಿನ ಸಂದು ಮಾತ್ರ ಕಾಣುವುದು. ಡಾಕ್ಟರು ಹಳೆಯದನ್ನೂ ಹೊಸದನ್ನೂ ಬೆಳಕಿಗೆ ಹಿಡಿದು ಪಕ್ಕ ಪಕ್ಕ ತೋರಿಸಿದರು. ಸಂದು ಇದ್ದಷ್ಟೇ ಇದೆ. ಆಮೇಲೆ ಟೇಪ್ ಹಿಡಿದು ತೊಡೆ ಅಳೆದರು. ಬಲ ತೊಡೆ ಒಂದೂವರೆ ಸೆಂಟಿಮೀಟರ್ ಸಣಕಲಾಗಿತ್ತು. ಮೊದಲು ಗೋಡೆ ಹಿಡಿಯದೆ ಮೆಟ್ಟಿಲು ಇಳಿಯುತ್ತಿದ್ದ ಅಮ್ಮನಿಗೆ ಈಗ ನನ್ನ ಕೈ ಬೇಕು. ಆಸ್ಪತ್ರೆಯಿಂದ ಬರುವಾಗ ಬಸ್ಸಲ್ಲಿ ಅಮ್ಮ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದು, "ನಿನ್ನ ಮಾತು ಕೇಳಬೇಕಿತ್ತು ಮಗಾ" ಅಂದರು. ತಪ್ಪು ನಿಮ್ಮದು. ಅಮ್ಮ ಯಾಕೆ ಹಾಗೆ ಹೇಳಬೇಕಾಯಿತು?

ನಿಮ್ಮ ಕಚೇರಿಗೆ ನಾಲ್ಕು ಸಲ ಫೋನ್ ಮಾಡಿದೆ. ಇನ್ನೂ 90 ದಿನ ಹಾಕಿ ನೋಡಿ ಅಂದರು.

ನಾನು ಕೇಳುವುದು ಇಷ್ಟು. ಪತ್ರ ತಲುಪಿ 15 ದಿನದೊಳಗೆ 42,000 ರೂಪಾಯಿ ಅಮ್ಮನ ಖಾತೆಗೆ ಹಾಕಿ. ಕಾರ್ಟಿಲೇಜ್ ಬೆಳೆಯುತ್ತದೆ ಅನ್ನುವ ಮಾತನ್ನು ಕರಪತ್ರದಿಂದ, ಶಿಬಿರದಿಂದ ತೆಗೆಯಿರಿ. ಎಲ್ಲಕ್ಕಿಂತ ಮುಖ್ಯ, ಆ ಶಿಬಿರದಲ್ಲಿ ಬೆಲ್ಟ್ ಕೊಂಡವರ ಫೋನ್ ನಂಬರ್ ನಿಮ್ಮ ಹತ್ತಿರ ಇದೆ. ಒಬ್ಬೊಬ್ಬರಿಗೂ ಫೋನ್ ಮಾಡಿ, ವ್ಯಾಯಾಮ ನಿಲ್ಲಿಸಬೇಡಿ, ನಿಮ್ಮ ಡಾಕ್ಟರನ್ನು ಕೇಳಿ ಅಂತ ಹೇಳಿ. ಹಣ ತಡವಾದರೂ ಕಾಯಬಹುದು, ಆ ಫೋನ್ ನಾಳೆಯೇ ಆಗಬೇಕು.

ಉತ್ತರ ಬರದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಮಂಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ದಾರಿ ತಪ್ಪಿಸುವ ಜಾಹೀರಾತು ಯಾವುದು ಅಂತ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸ್ಪಷ್ಟವಾಗಿದೆ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ.

ಬೆಲ್ಟ್, ಚಾರ್ಜರ್, ಪ್ಯಾಡ್ ಎಲ್ಲ ಪೆಟ್ಟಿಗೆಯಲ್ಲಿ ಕಟ್ಟಿಟ್ಟಿದ್ದೇನೆ. ಹಣ ಬಂದ ಮೇಲೆ ನಿಮ್ಮವರು ಬಂದು ತೆಗೆದುಕೊಂಡು ಹೋಗಬಹುದು. ಬರುವ ಮೊದಲು ನನಗೆ ಫೋನ್ ಮಾಡಲಿ, ಅಮ್ಮ ಒಬ್ಬರೇ ಇರುವಾಗ ಬರುವುದು ಬೇಡ.

ಇಂತಿ,
ನಿಮ್ಮ ಗ್ರಾಹಕರ ಮಗಳು
ಗುರುಪುರ, ಮಂಗಳೂರು

ಲಗತ್ತು: ಬಿಲ್ಲು, ಕರಪತ್ರ, ಎರಡು ಎಕ್ಸ್-ರೇ ವರದಿ, ಡಾಕ್ಟರ ಚೀಟಿ