ಆ ಬೆಳ್ಳಿ ಒಳಲೆ ತೆಗೆದಿಡು, ಅಮ್ಮ

ಲೀಡ್ಸ್, ಇಂಗ್ಲೆಂಡ್
ಭಾನುವಾರ ಸಂಜೆ

ಅಮ್ಮನಿಗೆ ನಿನ್ನ ಕಿರಿಮಗಳ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಮಂಡಿ ನೋವು, ಅಪ್ಪಾಜಿಯ ಕೆಮ್ಮು ಈಗ ಹೇಗಿದೆ ಅಂತ ತಿಳಿಸು.

ಅಕ್ಕನ ತೂಕ ಇಳಿಸುವ ಆಪರೇಷನ್ನಿಗೆ ಇನ್ನು ಮೂರೇ ವಾರ. ಬೆಂಗಳೂರಿನ ಆಸ್ಪತ್ರೆಯಿಂದ ಬಿಟ್ಟ ಮೇಲೆ ಒಂದೂವರೆ ತಿಂಗಳು ತಿಪಟೂರಿನಲ್ಲಿ ನಿನ್ನ ಹತ್ತಿರವೇ ಇರುತ್ತಾಳೆ ಅಂತ ಕೇಳಿ ಸಮಾಧಾನವಾಯಿತು. "ಎರಡು ಬಾಣಂತನ ಮಾಡಿದ ಕೈಗೆ ಇದೇನು ಹೆಚ್ಚು" ಅಂತ ಫೋನಿನಲ್ಲಿ ಅಂದೆಯಲ್ಲ, ಆ ಮಾತಿಗೇ ಈ ಕಾಗದ ಬರೆಯುತ್ತಿದ್ದೇನೆ. ಬಾಣಂತನದಲ್ಲಿ ನೀರು ಅಳೆದು ಕೊಡುತ್ತೀಯ, ತುಪ್ಪ ಧಾರಾಳ, ಹಾಸಿಗೆ ಬಿಟ್ಟು ಏಳಗೊಡುವುದಿಲ್ಲ. ಈ ಆಪರೇಷನ್ ಆದವರಿಗೆ ಆ ಮೂರೂ ತಿರುಗುಮುರುಗು. ನೀರು ದಿನವಿಡೀ ಹೋಗುತ್ತಿರಬೇಕು, ಜಿಡ್ಡು ಕಡಿಮೆ ಇರಬೇಕು, ಗಂಟೆಗೊಮ್ಮೆ ಎದ್ದು ಓಡಾಡಬೇಕು. ಮಗುವಿಗೆ ಮೊದಲ ಅನ್ನ ತಿನ್ನಿಸುವಾಗ ನಿನಗಿರುತ್ತಲ್ಲ ಆ ತಾಳ್ಮೆ, ಅದೊಂದು ಮಾತ್ರ ಹಾಗೇ ಬೇಕು. ಈ ಆಪರೇಷನ್ ಆದವರ ಊಟ ನೋಡಿಕೊಳ್ಳುವುದೇ ಇಲ್ಲಿ ನನ್ನ ಕೆಲಸ, ಹಾಗಾಗಿ ಅಳತೆ ಸಮೇತ ಬರೆದಿದ್ದೇನೆ. ಆಸ್ಪತ್ರೆಯವರು ಕೊಡುವ ಚೀಟಿಯಲ್ಲಿ ದಿನಗಳ ಲೆಕ್ಕ ಬೇರೆ ಇದ್ದರೆ ಅವರದ್ದನ್ನೇ ಪಾಲಿಸು.

ಅಕ್ಕನಿಗೆ ಮಾಡುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದಲ್ಲಿ ನೂರಕ್ಕೆ 75ರಿಂದ 80 ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಅದು ಹಿಡಿಯುವುದು 100ರಿಂದ 150 ಮಿ.ಲೀ., ನಮ್ಮ ಕಾಫಿ ಲೋಟದಷ್ಟು. ಕತ್ತರಿಸಿದ ಅಂಚಿನುದ್ದಕ್ಕೂ ಸಣ್ಣ ಸಣ್ಣ ಲೋಹದ ಪಿನ್ನುಗಳ ಸಾಲು ಇರುತ್ತೆ. ಆ ಅಂಚು ಕೂಡಿಕೊಳ್ಳುವುದಕ್ಕೆ, ಒಳಗಿನ ಊತ ಇಳಿಯುವುದಕ್ಕೆ ವಾರಗಟ್ಟಲೆ ಬೇಕು, ಆದ್ದರಿಂದಲೇ ಇಷ್ಟೆಲ್ಲ ಪಥ್ಯ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಕತ್ತರಿಸಿ ತೆಗೆಯುವ ಭಾಗದಲ್ಲೇ. ಹಾಗಾಗಿ ಮೊದಲ ವಾರಗಳಲ್ಲಿ ಅಕ್ಕನಿಗೆ ಹಸಿವೇ ಆಗದಿರಬಹುದು. "ಹಸಿವಾದಾಗ ಕೇಳುತ್ತಾಳೆ" ಅಂತ ಕಾಯಬೇಡ, ಗಡಿಯಾರ ನೋಡಿ ಕೊಡು. ಅವಳು ಸಾಕು ಅಂದ ಮೇಲೆ "ಇನ್ನೊಂದೇ ತುತ್ತು" ಅನ್ನಬೇಡ. ನಿನ್ನ ಕೈ ತಡೆಯುವುದು ಕಷ್ಟ ಅಂತ ನನಗೆ ಗೊತ್ತು ಅಮ್ಮ, ಆದರೆ ಆ ಒಂದು ತುತ್ತೇ ವಾಂತಿ ಮಾಡಿಸುತ್ತೆ.

ಮೊದಲು ನೀರಿನ ವಿಷಯ. ಈ ಆಪರೇಷನ್ ಆದವರು ಮನೆಗೆ ಹೋದ ಮೇಲೆ ಮತ್ತೆ ಆಸ್ಪತ್ರೆ ಸೇರುವುದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಮೈಯಲ್ಲಿ ನೀರು ಕಡಿಮೆಯಾಗುವುದು. ದೇವರ ಮನೆ ಪೆಟ್ಟಿಗೆಯಲ್ಲಿ ನಮಗಿಬ್ಬರಿಗೂ ಹಾಲು ಕುಡಿಸಿದ ಬೆಳ್ಳಿ ಒಳಲೆ ಇದೆಯಲ್ಲ, ಅದನ್ನು ಬಿಸಿನೀರಿನಲ್ಲಿ ತೊಳೆದು ಹೊರಗಿಡು. ಔಷಧಿ ಅಂಗಡಿಯಿಂದ 10 ಮಿ.ಲೀ. ಸಿರಿಂಜ್ ತರಿಸಿ, ಒಳಲೆ ಎಷ್ಟು ಹಿಡಿಯುತ್ತೆ ಅಂತ ಅಳೆದುಕೋ. ಕಾಲು ಗಂಟೆಗೆ 30 ಮಿ.ಲೀ. ಹೋಗಬೇಕು. ಒಳಲೆ 15 ಹಿಡಿದರೆ ಎರಡು ಸಲ. ಅದನ್ನೂ ಗಟಗಟ ಕುಡಿಯದೆ ಗುಟುಕು ಗುಟುಕಾಗಿ. ಗಂಟೆಗೆ 120 ಮಿ.ಲೀ. ಆಯಿತು, ಎಚ್ಚರವಿರುವ 13 ಗಂಟೆಗೆ ಒಂದೂವರೆ ಲೀಟರು ದಾಟಿತು. ಹಾಲು, ಸೂಪು, ಮಜ್ಜಿಗೆ ಎಲ್ಲ ಸೇರಿಯೇ ಈ ಲೆಕ್ಕ. ಸ್ಟ್ರಾ ಬೇಡ, ಗಾಳಿಯೂ ಜೊತೆಗೆ ಹೋಗಿ ಹೊಟ್ಟೆ ಉಬ್ಬರಿಸುತ್ತೆ. ಸೋಡಾ ಬೇಡವೇ ಬೇಡ. ಮೂತ್ರ ದಟ್ಟ ಹಳದಿ ಬಂದರೆ, ಎದ್ದು ನಿಂತಾಗ ತಲೆ ತಿರುಗಿದರೆ ನೀರು ಸಾಲುತ್ತಿಲ್ಲ ಅಂತ ಅರ್ಥ.

ಮೊದಲ ಎರಡು ವಾರ ಬರೀ ದ್ರವ. ನೀನು ಗಂಜಿ, ಎಳನೀರು, ತಿಳಿಸಾರು ಅಂತ ಯೋಚಿಸಿರುತ್ತೀಯ. ಆದರೆ ಅವಳಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು. ಇಲ್ಲದಿದ್ದರೆ ಕೊಬ್ಬಿನ ಜೊತೆ ಮೈಯ ಮಾಂಸಖಂಡವೂ ಕರಗುತ್ತೆ, ಗಾಯ ಮಾಯುವುದು ತಡವಾಗುತ್ತೆ. ಎರಡು ಚಮಚ ರಾಗಿ ಹಿಟ್ಟಿನ ಗಂಜಿಯಲ್ಲಿ ಒಂದೂವರೆ ಗ್ರಾಂ ಸಿಕ್ಕರೆ ಹೆಚ್ಚು. ಎಳನೀರಿನಲ್ಲಿ ಇಲ್ಲವೇ ಇಲ್ಲ ಅನ್ನಬೇಕು. ತೋಟದಲ್ಲೇ ಇದೆ ಅಂತ ಮೂರು ಮೂರು ಕೆಡವಿ ಕುಡಿಸಿದರೆ ಆ ಸಣ್ಣ ಜಾಗವೆಲ್ಲ ಅದರಲ್ಲೇ ತುಂಬಿಹೋಗುತ್ತೆ. ದಿನಕ್ಕೆ ಅರ್ಧ ಎಳನೀರು ಸಾಕು.

ಅದರ ಬದಲು ಹೀಗೆ ಮಾಡು. ಮನೆ ಹಸುವಿನ ಹಾಲನ್ನು ಕಾಯಿಸಿ, ಪೂರಾ ಆರಿಸಿ, ಕೆನೆ ತೆಗೆ. ನಂದಿನಿ ನೀಲಿ ಪ್ಯಾಕೆಟ್ಟಾದರೂ ಆಗುತ್ತೆ. 200 ಮಿ.ಲೀ. ಹಾಲಿಗೆ ಎರಡು ದೊಡ್ಡ ಚಮಚ, ಅಂದರೆ ಸುಮಾರು 15 ಗ್ರಾಂ, ಕೆನೆರಹಿತ ಹಾಲಿನ ಪುಡಿ. ಪುಡಿಯನ್ನು ಮೊದಲು ನಾಲ್ಕು ಚಮಚ ಉಗುರುಬೆಚ್ಚಗಿನ ಹಾಲಿನಲ್ಲಿ ಗಂಟಿಲ್ಲದ ಹಾಗೆ ಕದಡಿ, ಆಮೇಲೆ ಉಳಿದ ಹಾಲು ಸೇರಿಸಿ ಸೋಸು. ಇದರಲ್ಲಿ 11-12 ಗ್ರಾಂ ಪ್ರೋಟೀನ್ ಇರುತ್ತೆ. ಇಂಥ ನಾಲ್ಕು ಲೋಟ ಬೆಳಗಿನಿಂದ ರಾತ್ರಿವರೆಗೆ, ಒಂದೊಂದು ಲೋಟಕ್ಕೂ ಒಂದು ಗಂಟೆಯ ಮೇಲೆಯೇ ಸಮಯ. ಆಸ್ಪತ್ರೆಯವರು ಬರೆದುಕೊಡುವ ಪ್ರೋಟೀನ್ ಪುಡಿಯ ಒಂದು ಅಳತೆಯೂ ಸೇರಿದರೆ ದಿನದ ಲೆಕ್ಕ ಮುಟ್ಟುತ್ತೆ. ಸಕ್ಕರೆ, ಬೆಲ್ಲ ಹಾಕಬೇಡ, ಏಲಕ್ಕಿ ಪುಡಿ ಚಿಟಿಕೆ ಸಾಕು. ರಾಗಿ ಕೊಡಲೇಬೇಕು ಅನ್ನಿಸಿದರೆ ಇದೇ ಹಾಲಿನಲ್ಲಿ ಒಂದು ಚಮಚ ಹಿಟ್ಟು ಬೇಯಿಸಿ ತೆಳ್ಳಗೆ ಸೋಸಿ ಕೊಡು, ನಿನ್ನ ಮಾತೂ ನಡೆಯಿತು, ಅವಳಿಗೂ ಒಳ್ಳೆಯದು. ಆಪರೇಷನ್ ಆದ ಹೊಸತರಲ್ಲಿ ಕೆಲವರಿಗೆ ಹಾಲು ಒಗ್ಗದೆ ಹೊಟ್ಟೆ ನುಲಿದು ಭೇದಿಯಾಗುತ್ತೆ, ಆಗ ಸೋಯಾ ಹಾಲಿಗೆ ಬದಲಿಸಬಹುದು. ಬಾಯಿಗೆ ಸಪ್ಪೆಯಾದರೆ ನಾಟಿ ಕೋಳಿ ಸೂಪು ಮಾಡು, ಖಾರ ಬೇಡ. ಫ್ರಿಜ್ಜಿನಲ್ಲಿಟ್ಟು ಮೇಲೆ ಗಟ್ಟಿಯಾದ ಜಿಡ್ಡು ತೆಗೆದು, ಬಟ್ಟೆಯಲ್ಲಿ ಸೋಸಿ, ಬಿಸಿ ಮಾಡಿ ಕೊಡು.

ಮೂರನೇ ವಾರದಿಂದ ನುಣ್ಣಗೆ ರುಬ್ಬಿದ ಊಟ. ಹದ ಹೇಗೆ ಅಂದರೆ ಆರು ತಿಂಗಳ ಮಗುವಿಗೆ ಮೊದಲು ತಿನ್ನಿಸುವ ಹಾಗೆ. ಚಮಚ ಓರೆ ಮಾಡಿದರೆ ಸುರಿಯದೆ ಮೆಲ್ಲಗೆ ಜಾರಬೇಕು. ಹೆಸರುಬೇಳೆ 30 ಗ್ರಾಂ ಕುಕ್ಕರಿನಲ್ಲಿ ಕರಗುವ ಹಾಗೆ ಬೇಯಿಸಿ ಮಿಕ್ಸಿಗೆ ಹಾಕು, ಏಳು ಗ್ರಾಂ ಪ್ರೋಟೀನ್ ಅದರಲ್ಲೇ ಬಂತು. ಒಗ್ಗರಣೆ ಇಲ್ಲದೆ ನಿನ್ನ ಕೈ ನಿಲ್ಲುವುದಿಲ್ಲ ಅಂತ ಬಲ್ಲೆ. ಅರ್ಧ ಟೀ ಚಮಚ ತುಪ್ಪಕ್ಕೆ ಜೀರಿಗೆ, ಇಂಗು ಹಾಕಿ ರುಬ್ಬುವ ಮೊದಲೇ ಬೆರೆಸಿಬಿಡು. ಕರಿಬೇವಿನ ಎಲೆ, ಕಾಯಿತುರಿ ಬೇಡ, ಅವು ಮಿಕ್ಸಿಯಲ್ಲೂ ನುಣ್ಣಗಾಗುವುದಿಲ್ಲ. ಮೆತ್ತಗೆ ಬೇಯಿಸಿದ ಮೊಟ್ಟೆಯನ್ನು ಹಾಲು ಹಾಕಿ ಮಸೆದರೆ 6 ಗ್ರಾಂ. ಪನ್ನೀರು 50 ಗ್ರಾಂ ಹಾಲಿನ ಜೊತೆ ರುಬ್ಬಿದರೆ ಸುಮಾರು 9 ಗ್ರಾಂ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನಾಲ್ಕು ಗಂಟೆ ತೂಗುಹಾಕಿದರೆ ನೀರಿಳಿದು ಪ್ರೋಟೀನ್ ಗಟ್ಟಿಯಾಗುತ್ತೆ. ಒಂದು ಸಲಕ್ಕೆ ಎರಡು ಮೂರು ದೊಡ್ಡ ಚಮಚ, ದಿನಕ್ಕೆ ಐದು ಸಲ. ಅಷ್ಟೇ ಅಷ್ಟು ಮಾಡುವುದು ಕಷ್ಟ, ಅದಕ್ಕೆ ರುಬ್ಬಿದ್ದನ್ನು ಐಸ್ ಟ್ರೇಗೆ ಸುರಿದು ಫ್ರೀಜರಿನಲ್ಲಿಡು. ಹೊತ್ತಿಗೆ ಎರಡು ಮೂರು ಗಟ್ಟಿ ತೆಗೆದು ಚೆನ್ನಾಗಿ ಕುದಿಸಿ ಆರಿಸಿ ಕೊಟ್ಟರಾಯಿತು. ತಟ್ಟೆಯಲ್ಲಿ ಬಡಿಸಬೇಡ, ನಮ್ಮ ಪುಟ್ಟಿ ಊಟ ಮಾಡುವ ಚಿಕ್ಕ ಬಟ್ಟಲಿನಲ್ಲಿ, ಟೀ ಚಮಚದಲ್ಲಿ ಕೊಡು. ಊಟಕ್ಕೆ ಅರ್ಧ ಗಂಟೆ ಮೊದಲು ನೀರು ನಿಲ್ಲಿಸಿ, ಊಟವಾಗಿ ಅರ್ಧ ಗಂಟೆ ಬಿಟ್ಟು ಮತ್ತೆ ಶುರುಮಾಡು. ಜೊತೆಗೇ ಕುಡಿದರೆ ಕೊಳವೆ ತುಂಬಿ ಮೇಲಕ್ಕೆ ಬರುತ್ತೆ.

ಅವಳಿಗೆ ಹೊಟ್ಟೆ ತುಂಬಿತು ಅಂತ ಹೇಗೆ ತಿಳಿಯುತ್ತೆ ಗೊತ್ತಾ? ತೇಗು ಬರುವವರೆಗೆ ಕಾಯಬಾರದು. ಬಿಕ್ಕಳಿಕೆ ಬರುತ್ತೆ, ಇಲ್ಲವೇ ಮೂಗು ಸುರಿಯುತ್ತೆ, ಸೀನು ಬರುತ್ತೆ, ಎದೆಯ ನಡುವೆ ಒತ್ತಿದ ಹಾಗಾಗುತ್ತೆ. ಇದರಲ್ಲಿ ಒಂದು ಕಂಡರೂ ಬಟ್ಟಲು ತೆಗೆದುಬಿಡು.

ಐದನೇ ವಾರದಿಂದ ಮೆತ್ತನೆಯ ಊಟ. ಮುಳ್ಳು ತೆಗೆದ ಮೀನು, ಕೈಮಾ, ಗಟ್ಟಿ ತೊವ್ವೆ, ಸಿಪ್ಪೆ ತೆಗೆದು ಬೇಯಿಸಿದ ಸೋರೆಕಾಯಿ, ಕುಂಬಳಕಾಯಿ. ಮೊದಲು ಪ್ರೋಟೀನ್ ಇರುವುದು, ಆಮೇಲೆ ತರಕಾರಿ, ಜಾಗ ಉಳಿದರೆ ಒಂದು ಚಮಚ ಅನ್ನ. ಹೆಬ್ಬೆರಳ ಉಗುರಿಗಿಂತ ಚಿಕ್ಕ ತುತ್ತು, ಇಪ್ಪತ್ತು ಸಲ ಅಗಿಯುವುದು, ಇಪ್ಪತ್ತು ನಿಮಿಷಕ್ಕೆ ಊಟ ಮುಗಿಸುವುದು. ಮುದ್ದೆಯನ್ನು ಮಾತ್ರ ಈಗ ಬೇಡ ಅನ್ನು. ನಾವು ಮುದ್ದೆಯನ್ನು ಅಗಿಯುವುದೇ ಇಲ್ಲವಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಆ ಜಾರುವ ತುತ್ತು ಹೋಗಿ ಕೊಳವೆಯ ಇಕ್ಕಟ್ಟಿನಲ್ಲಿ ಕೂರುತ್ತೆ, ಅತ್ತಲೂ ಹೋಗುವುದಿಲ್ಲ, ಇತ್ತಲೂ ಬರುವುದಿಲ್ಲ. ಚಪಾತಿ, ಬ್ರೆಡ್ಡು, ಒಣ ಕೋಳಿ, ನಾರಿರುವ ನುಗ್ಗೆಕಾಯಿ, ಕಿತ್ತಳೆಯ ತೊಳೆ ಇವೂ ಹಾಗೆಯೇ ಸಿಕ್ಕಿಕೊಳ್ಳುತ್ತವೆ.

ಹಾಗೇನಾದರೂ ಸಿಕ್ಕಿಕೊಂಡರೆ ಬಾಯಿತುಂಬ ಲೋಳೆಯಂಥ ಎಂಜಲು ನೊರೆ ಬರುತ್ತೆ, ಎದೆ ನೋಯುತ್ತೆ. ನೀರು ಕುಡಿಸಿ ತಳ್ಳಲು ನೋಡಬೇಡ, ಬೆನ್ನಿಗೆ ಗುದ್ದಬೇಡ. ಎಬ್ಬಿಸಿ ನಿಧಾನ ಓಡಾಡಿಸು, ಎಂಜಲು ಉಗುಳಲಿ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ಇಳಿಯುತ್ತೆ ಅಥವಾ ವಾಂತಿಯಾಗಿ ಹೋಗುತ್ತೆ. ಆ ದಿನ ಮತ್ತೆ ದ್ರವಕ್ಕೆ ಇಳಿಸು.

ಒಂದು ಸಲದ ವಾಂತಿಗೆ ಹೆದರಬೇಡ. ಎರಡು ಮೂರು ದಿನ ಬಿಡದೆ ಆದರೆ ಅದು ಬೇರೆಯೇ ಮಾತು. ಬಿ1, ಥಯಾಮಿನ್ ಅನ್ನುವ ವಿಟಮಿನ್ ಮೈಯಲ್ಲಿ ಎರಡು ಮೂರು ವಾರಕ್ಕಾಗುವಷ್ಟು ಮಾತ್ರ ಸಂಗ್ರಹವಿರುತ್ತೆ. ಅದು ಮುಗಿದರೆ ಕಣ್ಣು ಎರಡೆರಡಾಗಿ ಕಾಣುತ್ತೆ, ನಡಿಗೆ ತೂರಾಡುತ್ತೆ, ಮಾತು ಗಲಿಬಿಲಿಯಾಗುತ್ತೆ, ಆ ಹಾನಿ ಸರಿಹೋಗದೆಯೂ ಇರಬಹುದು. ವಾಂತಿ ಅಂತ ಊರಿನ ಯಾವುದಾದರೂ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರೆ ಮೊದಲು ಗ್ಲೂಕೋಸ್ ಡ್ರಿಪ್ ಹಾಕಲು ಬರಬಹುದು. ಉಳಿದಿರುವ ಚೂರುಪಾರು ಬಿ1 ಆ ಗ್ಲೂಕೋಸನ್ನು ಅರಗಿಸುವುದಕ್ಕೇ ಖರ್ಚಾಗಿ ಸ್ಥಿತಿ ಕೆಡುತ್ತೆ. ಅವಳ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆಸಿಡು: "ಸ್ಲೀವ್ ಆಪರೇಷನ್ ಆಗಿದೆ, ಗ್ಲೂಕೋಸ್‌ಗೆ ಮೊದಲು ಥಯಾಮಿನ್ ಇಂಜೆಕ್ಷನ್ ಕೊಡಿ."

ಇನ್ನೊಂದು ಭಯ ಆ ಪಿನ್ನಿನ ಸಾಲು ಸೋರುವುದು. ಅಪರೂಪ, ಆದರೂ ಹಾಗೇನಾದರೂ ಆದರೆ ಪ್ರಾಣಕ್ಕೆ ಬರುತ್ತೆ. ಮೊದಲ ಎರಡು ಮೂರು ದಿನ ಭುಜ ನೋಯುವುದು ಸಹಜ, ಆಪರೇಷನ್ನಿಗೆ ತುಂಬಿದ ಗ್ಯಾಸಿನದು, ಓಡಾಡಿದರೆ ಇಳಿಯುತ್ತೆ. ಇಳಿಯದೆ ಏರುತ್ತಿರುವ ಹೊಟ್ಟೆನೋವು, ಹೊಸದಾಗಿ ಎಡಭುಜದ ನೋವು, 100.4 ದಾಟಿದ ಜ್ವರ, ಉಸಿರು ಕಟ್ಟುವುದು, ಸುಮ್ಮನೆ ಮಲಗಿದ್ದರೂ ನಾಡಿ ನಿಮಿಷಕ್ಕೆ 120 ದಾಟುವುದು, ಇವುಗಳಲ್ಲಿ ಒಂದಿದ್ದರೂ ಗ್ಯಾಸ್ ಅಂತ ಓಮಿನ ಕಷಾಯ ಕೊಟ್ಟು ಬೆಳಗಿನವರೆಗೆ ನೋಡಬೇಡ. ಬೆಂಗಳೂರು ಸುಮಾರು 140 ಕಿ.ಮೀ., ಭಾವನಿಗೆ ಹೇಳಿ ರಾತ್ರಿ ಹೊತ್ತಿಗೂ ಕಾರು ಸಿಗುವ ಹಾಗೆ ಮಾಡಿಟ್ಟಿರು. ಮೀನಖಂಡ ಊದಿಕೊಂಡು ನೋಯುತ್ತಿದ್ದರೂ ತಕ್ಷಣ ತೋರಿಸಬೇಕು, ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಡೆಯಲು ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ಬರೆದುಕೊಟ್ಟಿದ್ದರೆ ಪೂರಾ ಮುಗಿಸಲಿ.

ಮಾತ್ರೆಗಳು: ಅವಳ ಸಕ್ಕರೆ, ಬಿಪಿ ಎರಡೂ ಬೇಗ ಇಳಿಯುತ್ತವೆ. ಹಳೇ ಪ್ರಮಾಣವನ್ನೇ ಮುಂದುವರಿಸಿದರೆ ಸಕ್ಕರೆ ತೀರಾ ಕೆಳಗೆ ಹೋಗುತ್ತೆ, ಗ್ಲಿಮೆಪಿರೈಡ್ ಇರುವ ಮಾತ್ರೆಯಲ್ಲಂತೂ ಹೆಚ್ಚು. ಬಿಡುಗಡೆ ದಿನವೇ ಹೊಸ ಪ್ರಮಾಣ ಕೇಳಿ ಬರೆಸಿಕೊಳ್ಳಲಿ, ಮನೆಯಲ್ಲಿ ದಿನಾ ನೋಡಿ ಬರೆದಿಡಲಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ನಿನ್ನ ಮಂಡಿನೋವಿನ ಡಬ್ಬಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ಯಾವತ್ತೂ ಕೊಡಬೇಡ, ಜಠರದಲ್ಲಿ ಹುಣ್ಣಾಗುತ್ತೆ. ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂಗೂ ಎರಡು ಗಂಟೆ ಅಂತರವಿರಲಿ, ಕಬ್ಬಿಣದ ಜೊತೆ ಕಾಫಿ ಟೀ ಬೇಡ. ವಿಟಮಿನ್ ಮಾತ್ರೆಗಳು, ಬಿ12 ಇವು ಜೀವನಪೂರ್ತಿ.

ಹೊಟ್ಟೆಗೆ ಬಟ್ಟೆ ಬಿಗಿಯುವುದು, ಎಣ್ಣೆ ಹಚ್ಚಿ ನೀವುವುದು ಬೇಡ. ಗಾಯಗಳಿಗೆ ಅರಿಶಿನವೂ ಬೇಡ, ಒಣಗಿರಲಿ ಸಾಕು. ಆರು ವಾರ ಐದು ಕೆ.ಜಿ.ಗಿಂತ ಹೆಚ್ಚು ಎತ್ತಬಾರದು, ಅಂದರೆ ನೀರಿನ ಕೊಡ, ಕಾಯಿ ಚೀಲ ಮುಟ್ಟುವ ಹಾಗಿಲ್ಲ. ಪುಟ್ಟಿ ಓಡಿಬಂದರೆ ಅಕ್ಕ ಎತ್ತಿಕೊಳ್ಳದೆ ಕೂತೇ ಇರಲಿ, ನೀನು ಎತ್ತಿ ಪಕ್ಕದಲ್ಲಿ ಕೂರಿಸು. ನೋಡಲು ಬಂದವರು ಮೈಸೂರು ಪಾಕು ತಂದರೆ ಒಂದು ಚೂರೂ ಬೇಡ. ಸಿಹಿ ಬೇಗನೆ ಕರುಳಿಗೆ ಇಳಿದು ಹತ್ತಿಪ್ಪತ್ತು ನಿಮಿಷದಲ್ಲಿ ಬೆವರು, ಎದೆಬಡಿತ, ಭೇದಿ ಶುರುವಾಗಬಹುದು. ಮೂರನೇ ವಾರದ ಹೊತ್ತಿಗೆ ತೂಕ ಇಳಿಯುವುದು ನಿಂತುಹೋಗಿ ಅಕ್ಕ ಅಳಬಹುದು, ಅದು ತುಂಬ ಜನಕ್ಕೆ ಆಗುತ್ತೆ, ತಾನಾಗೇ ಮತ್ತೆ ಇಳಿಯುತ್ತೆ. ಮೂರು ತಿಂಗಳಾದ ಮೇಲೆ ಕೂದಲು ಉದುರುವುದೂ ಹಾಗೆಯೇ, ಪ್ರೋಟೀನ್, ಕಬ್ಬಿಣ ಸರಿಯಾಗಿ ಹೋಗುತ್ತಿದ್ದರೆ ಮತ್ತೆ ಬರುತ್ತೆ.

ಸಿರಿಂಜ್ ತಂದ ದಿನ ಒಳಲೆ ಎಷ್ಟು ಮಿ.ಲೀ. ಹಿಡಿಯಿತು ಅಂತ ಫೋನ್ ಮಾಡಿ ಹೇಳು. ಗಂಟೆ ಗಂಟೆಗೆ ಎಷ್ಟು ಸಲ ಅನ್ನುವ ಲೆಕ್ಕ ಹಾಕಿ, ಗೋಡೆಗೆ ಅಂಟಿಸುವ ಹಾಗೆ ದೊಡ್ಡ ಅಕ್ಷರದಲ್ಲಿ ಬರೆದು ಕಳಿಸುತ್ತೇನೆ.

ಅಪ್ಪಾಜಿಗೆ ನಮಸ್ಕಾರ, ಪುಟ್ಟಿಗೆ ಮುತ್ತು.

ನಿನ್ನ ಮಗಳು