ಪುಟ್ಟಿ, ಈ ರಜೆ ಶಿಬಿರಕ್ಕೆ ಬಾ

ಧಾರವಾಡ
ಏಪ್ರಿಲ್ 4

ಪ್ರೀತಿಯ ಪುಟ್ಟಿಗೆ ಮಾಮಾನ ಆಶೀರ್ವಾದಗಳು.

ರಜೆಯಲ್ಲಿ ಎಂಟನೇ ಕ್ಲಾಸಿನ ಗಣಿತದ ಟ್ಯೂಷನ್ ಹಚ್ಚುತ್ತೇನೆ ಅಂತ ನಿಮ್ಮವ್ವ ಹೇಳಿದಳು. ಅವಳ ಜೊತೆ ಮಾತಾಡಿ ಒಪ್ಪಿಸಿದ್ದೇನೆ. ಗಣಿತ ಜೂನ್‌ನಿಂದ ಇದ್ದೇ ಇರುತ್ತದೆ. ನೀನು ಇಲ್ಲಿಗೆ ಬಾ. ಇಲ್ಲಿನ ಸರ್ಕಾರಿ ನಾಟಕ ಸಂಸ್ಥೆ, ನಮ್ಮ ರಂಗಾಯಣದವರು ಬೇಸಿಗೆಯಲ್ಲಿ ಚಿಣ್ಣರ ಮೇಳ ಅಂತ ಮಕ್ಕಳ ನಾಟಕ ಶಿಬಿರ ನಡೆಸುತ್ತಾರೆ.

"ನನಗೆ ನಾಟಕ ಮಾಡಲು ಬರಲ್ಲ" ಅಂದೆಯಂತೆ. ಬರದವರಿಗಾಗಿಯೇ ಶಿಬಿರ ಇರುವುದು. ಶಾಲೆಯಲ್ಲಿ ನಿನ್ನನ್ನು ಮಾರ್ಕ್ಸ್ ನೋಡಿ ಗುರುತಿಸುತ್ತಾರೆ, ಓಣಿಯಲ್ಲಿ ಅಪ್ಪನ ಹೆಸರಿನಿಂದ. ಶಿಬಿರದಲ್ಲಿ ಎರಡೂ ಯಾರಿಗೂ ಗೊತ್ತಿರುವುದಿಲ್ಲ. ಈ ವಯಸ್ಸಿನಲ್ಲಿ ಇಂಥ ಜಾಗ ಬೇರೆಲ್ಲೂ ಸಿಗಲ್ಲ, ನಂಬು.

ಮುಖವಾಡ ಮಾಡುವ ದಿನ ಮಾತ್ರ ತಪ್ಪಿಸಬೇಡ. ಮೊದಲು ಜೇಡಿಮಣ್ಣಿನಲ್ಲಿ ಮುಖ ತಿದ್ದಬೇಕು. ಹಳೆಯ ಪೇಪರ್ ಚೂರುಗಳನ್ನು ಮೈದಾ ಗಂಜಿಯಲ್ಲಿ ಅದ್ದಿ ಅದರ ಮೇಲೆ ಪದರ ಪದರವಾಗಿ ಅಂಟಿಸಬೇಕು. ಹುಳ ಹತ್ತದಂತೆ ಗಂಜಿಗೆ ಮೈಲುತುತ್ತ ಬೆರೆಸುತ್ತಾರೆ. ಅದು ವಿಷ, ದೊಡ್ಡವರೇ ಹಾಕಲಿ. ಎಷ್ಟೇ ಬಿಸಿಲಿದ್ದರೂ ಒಳಗಿನ ಪದರ ಬೇಗ ಒಣಗಲ್ಲ. ಅವಸರಪಟ್ಟು ಎತ್ತಿದರೆ ಮೂಗು ಒಳಗೆ ಕುಸಿಯುತ್ತದೆ. ಮತ್ತೆ ಮೊದಲಿಂದ ಶುರು. ಬೈಯುವವರಿಲ್ಲ, ಮಾರ್ಕ್ಸ್ ಕಳೆಯುವವರೂ ಇಲ್ಲ. ಪಕ್ಕದ ಹುಡುಗ ತನ್ನ ಕೆಲಸ ಬಿಟ್ಟು ನಿನಗೆ ಪೇಪರ್ ಹರಿದು ಕೊಡುತ್ತಾನೆ. ಹೀಗೆ ಕೆಟ್ಟದ್ದನ್ನು ಕೂತು ಸರಿಮಾಡಿದ ಮಕ್ಕಳು ದೊಡ್ಡವರಾದ ಮೇಲೂ ಸಣ್ಣ ಸೋಲಿಗೆ ಕುಗ್ಗುವುದಿಲ್ಲ. ಎಷ್ಟೋ ಜನರನ್ನು ನೋಡಿದ್ದೇನೆ.

ದೊಡ್ಡ ಪಾತ್ರ ಸಿಗದಿದ್ದರೆ ಮುನಿಸಿಕೊಳ್ಳಬೇಡ. ಪರದೆ ಎಳೆಯುವವಳಿಗೆ ಇಡೀ ನಾಟಕ ಬಾಯಿಪಾಠ ಇರಬೇಕು. ಯಾರು ಎಲ್ಲಿ ಮಾತು ಮರೆಯುತ್ತಾರೆ ಅನ್ನುವುದೂ ಅವಳಿಗೇ ಗೊತ್ತು. ನಮ್ಮ ಓಣಿಯಲ್ಲಿ ಹಾಗೆ ಪರದೆ ಎಳೆಯುತ್ತಿದ್ದ ಹುಡುಗಿ ಈಗ ನರ್ಸ್. ರಾತ್ರಿ ಪಾಳಿಯಲ್ಲಿ ವಾರ್ಡಿನ ಮೂಲೆ ಮೂಲೆಯ ಮೇಲೂ ಕಣ್ಣಿಡುವ ಅಭ್ಯಾಸ ಅಲ್ಲಿಂದಲೇ ಬಂತು ಅನ್ನುತ್ತಾಳೆ.

ಹಳ್ಳಿಯವರಿಗೆ ಇದೆಲ್ಲ ಯಾಕೆ ಅಂತ ನಿಮ್ಮಜ್ಜ ಕೇಳಿದರೆ ಹಾನಗಲ್ ತಾಲೂಕಿನ ಶೇಷಗಿರಿ ತೋರಿಸು. ನಿಮ್ಮ ಹಾವೇರಿ ಜಿಲ್ಲೆಯದೇ ಸಣ್ಣ ಊರು. ಹೊಲದಲ್ಲಿ ದುಡಿಯುವವರೇ ಅಲ್ಲಿ ಬಣ್ಣ ಹಚ್ಚುತ್ತಾರೆ. ನಾಟಕದಿಂದಲೇ ಆ ಊರಿಗೆ ಹೆಸರು ಬಂದಿದೆ.

ಎಲ್ಲ ಶಿಬಿರಗಳೂ ಒಂದೇ ಅಲ್ಲ. ಗಂಟೆಗೊಂದು ವಿಷಯ ಕಲಿಸಿ ಕೊನೆಗೆ ಸರ್ಟಿಫಿಕೇಟ್ ಕೊಡುವ ಕಡೆ ನಾನು ಕಳಿಸಲ್ಲ. ಅದು ಇನ್ನೊಂದು ಶಾಲೆ, ಅಲ್ವಾ?

ಒಂದು ಮಾತು. ನಮ್ಮ ಓಣಿಯ ಹುಡುಗಿಯರಿಗೇ ಅಂಟಿಕೊಂಡು ಕೂರಬೇಡ. ನವಲಗುಂದ, ಕಲಘಟಗಿ ಕಡೆಯಿಂದ ಬಂದ ಮಕ್ಕಳಿದ್ದರೆ ಅವರ ಜೊತೆ ಬುತ್ತಿ ಬಿಚ್ಚು. ಅವರ ಊರಿನ ಹಾಡು, ಆಟ ಕೇಳು. ಫೋನ್ ಮನೆಯಲ್ಲಿರಲಿ, ಸಂಜೆ ನಿಮ್ಮವ್ವನ ಜೊತೆ ಮಾತಾಡಿದರೆ ಸಾಕು.

ಹಳೆಯ ಚೂಡಿದಾರ್ ಎರಡು ಜಾಸ್ತಿ ಇಟ್ಟುಕೋ, ಬಣ್ಣ ಮೆತ್ತುತ್ತದೆ. ನೀರಿನ ಬಾಟಲಿ ದೊಡ್ಡದೇ ತಾ. ಹೊರಟ ದಿನ ಬಸ್ ಹತ್ತಿದ ಕೂಡಲೇ ಫೋನ್ ಮಾಡಿಸು, ಸ್ಟ್ಯಾಂಡಿಗೆ ನಾನೇ ಬರುತ್ತೇನೆ.

ನಿನ್ನ ಮಾಮಾ